ವಾಟ್ಸ್‌ಆ್ಯಪ್, ಗೂಗಲ್ ಡಾಕ್ಸ್, ಜೆರಾಕ್ಸ್: ಬರಹಗಾರರ ಕೂಟಕ್ಕೆ ಯಾವುದು ಎಷ್ಟು ಬಂತು?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಬರೆಯುವ ಹತ್ತು ಜನ ತಿಂಗಳಿಗೊಮ್ಮೆ ಕೂಡೋಣ ಎಂದು ಮಾತಾದರೆ ಸಂಜೆಯೊಳಗೆ ವಾಟ್ಸ್‌ಆ್ಯಪ್ ಗ್ರೂಪ್ ತಯಾರು. ಮೂರನೇ ತಿಂಗಳಿಗೆ ಅಲ್ಲಿ ಕತೆ, ಕವಿತೆ ಕೆಳಗೆ ಹೂತು ಹೋಗಿ ಶುಭೋದಯ, ಅಡಿಕೆ ಧಾರಣೆ, ಯಕ್ಷಗಾನದ ವಿಡಿಯೋ ಮೇಲೆ ತೇಲುತ್ತಿರುತ್ತವೆ. ಇನ್ನೊಬ್ಬರ ಕರಡು ಓದಿ, ಬರೆದವರಿಗೆ ಉಪಯೋಗವಾಗುವ ಹಾಗೆ ನಾಲ್ಕು ಮಾತು ಹೇಳುವ ಕೆಲಸಕ್ಕೆ ವಾಟ್ಸ್‌ಆ್ಯಪ್, ಒಂದೇ ಕಡತವನ್ನು ಹಲವರು ಆನ್‌ಲೈನ್‌ನಲ್ಲಿ ಓದಿ ತಿದ್ದಬಹುದಾದ ಗೂಗಲ್ ಡಾಕ್ಸ್ ಮತ್ತು ಜೆರಾಕ್ಸ್ ಪ್ರತಿ ಎಷ್ಟೆಷ್ಟು ಒದಗುತ್ತವೆ ಎಂದು ಇಲ್ಲಿ ತೂಗಿ ನೋಡಿದ್ದೇವೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ದಿನ ಗೊತ್ತುಮಾಡಲು ವಾಟ್ಸ್‌ಆ್ಯಪ್, ಮೊದಲ ಓದಿಗೆ ಜೆರಾಕ್ಸ್, ತಿದ್ದಿದ ಕರಡಿಗೆ ಡಾಕ್ಸ್. ಈ ಸರದಿ ಅದಲುಬದಲಾದಲ್ಲೇ ಮನಸ್ತಾಪ ಹುಟ್ಟುವುದು.

ವಾಟ್ಸ್‌ಆ್ಯಪ್‌ಗೆ 5ಕ್ಕೆ 2. ಆ ಎರಡೂ ಅಂಕ ಅದರ ಪೋಲ್ (ಎಲ್ಲರ ಮತ ಕೇಳುವುದು) ಮತ್ತು ಪಿನ್‌ಗೆ (ಸಂದೇಶವನ್ನು ಮೇಲೆ ಕಾಣುವ ಹಾಗೆ ಅಂಟಿಸಿಡುವುದು). ನಾಲ್ಕು ಭಾನುವಾರಗಳನ್ನು ಪೋಲ್‌ಗೆ ಹಾಕಿ, ಒಂದಕ್ಕಿಂತ ಹೆಚ್ಚು ಉತ್ತರ ಕೊಡುವ ಆಯ್ಕೆಯನ್ನು ಹಾಗೇ ಬಿಡಬೇಕು. ಅದನ್ನು ಆಫ್ ಮಾಡಿದರೆ ಎಲ್ಲರೂ ತಮಗೆ ತೀರಾ ಅನುಕೂಲದ ದಿನ ಒಂದನ್ನೇ ಒತ್ತಿ, ಯಾವ ದಿನಕ್ಕೂ ಆರು ಜನ ಸಿಗುವುದಿಲ್ಲ. ಗೊತ್ತಾದ ದಿನ, ಜಾಗ, ಓದುವವರ ಹೆಸರು ಬರೆದ ಸಂದೇಶವನ್ನು 30 ದಿನಕ್ಕೆ ಪಿನ್ ಮಾಡಿದರೆ ‘ಯಾವತ್ತು, ಎಲ್ಲಿ’ ಎಂಬ ಫೋನು ಅರ್ಧಕ್ಕರ್ಧ ಕಡಿಮೆ. ಗ್ರೂಪ್ ಎರಡಿರಲಿ. ಒಂದರಲ್ಲಿ ಅಡ್ಮಿನ್ ಮಾತ್ರ ಬರೆಯುವುದು, ಬರೀ ಸೂಚನೆಗೆ. ಇನ್ನೊಂದು ಹರಟೆಗೆ. ಎರಡನ್ನೂ ಒಂದೇ ಮಾಡಿ ‘ದಯವಿಟ್ಟು ಬೇರೆ ವಿಷಯ ಹಾಕಬೇಡಿ’ ಎಂದು ವಾರಕ್ಕೊಮ್ಮೆ ಬೇಡಿಕೊಳ್ಳುವ ಅಡ್ಮಿನ್ ಆರು ತಿಂಗಳಲ್ಲಿ ಬರೆಯುವುದನ್ನೇ ಬಿಡುತ್ತಾರೆ.

ಇಲ್ಲಿ ದಿನ ಗೊತ್ತುಮಾಡುವುದೂ ಸುಲಭದ್ದಲ್ಲ. ಮಳೆಗಾಲದಲ್ಲಿ ಎರಡು ದಿನ ಹೊಳವಾಯಿತೆಂದರೆ ಅಡಿಕೆ ತೋಟ ಇದ್ದವರು ಕೊಳೆರೋಗಕ್ಕೆ ಮದ್ದು ಹೊಡೆಸಲು ಓಡಬೇಕು. ಆ ದಿನ ಎಂಥ ಕತೆಗೂ ಅವರು ಬರಲಾರರು, ಬಾರೆಂದು ಕರೆಯುವುದೂ ಸರಿಯಲ್ಲ. ಅಡಿಕೆಯ ಕೊನೆಕೊಯ್ಲಿನ ಹೊತ್ತಿಗೂ ಅದೇ ಪಾಡು. ಎರಡು ವರ್ಷಕ್ಕೊಮ್ಮೆ ಬರುವ ಶಿರಸಿಯ ಮಾರಿಕಾಂಬಾ ಜಾತ್ರೆಯ ವಾರ ಕೂಟದ ಮಾತೇ ಎತ್ತದಿರುವುದು ಕ್ಷೇಮ. ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ದಿನದ ಜೊತೆ ಇನ್ನೊಂದು ಬದಲಿ ದಿನವನ್ನೂ ಮೊದಲೇ ಸಾರಿಡಿ.

ವಾಟ್ಸ್‌ಆ್ಯಪ್ ಕಳೆದುಕೊಂಡ ಮೂರು ಅಂಕ ಎಲ್ಲಿ ಹೋದವು? ಕರಡನ್ನು ನೇರ ಗ್ರೂಪಿಗೆ ಹಾಕುವುದರಲ್ಲಿ. ಉದ್ದದ ಸಂದೇಶವನ್ನು ವಾಟ್ಸ್‌ಆ್ಯಪ್ ಅರ್ಧಕ್ಕೆ ಮಡಚಿ ‘ಇನ್ನಷ್ಟು ಓದಿ’ ಎನ್ನುತ್ತದೆ. ಬಹಳ ಮಂದಿಯ ಓದು ಅಲ್ಲಿಗೇ ಮುಗಿಯುತ್ತದೆ, ಹೊಗಳಿಕೆ ಮಾತ್ರ ಪೂರ್ತಿ ಬರುತ್ತದೆ. ಮಾತುಕತೆಯ ಸಾಲನ್ನು ಅಡ್ಡಗೆರೆ ಮತ್ತು ಒಂದು ಖಾಲಿ ಜಾಗದಿಂದ ಶುರುಮಾಡಿದರೆ ಅದು ಚುಕ್ಕೆ ಹಾಕಿದ ಪಟ್ಟಿಯಾಗುತ್ತದೆ. ಎರಡು ನಕ್ಷತ್ರದ ನಡುವೆ ಇಟ್ಟ ಪದ ದಪ್ಪವಾಗಿ, ನಕ್ಷತ್ರಗಳು ಮಾಯ. ಕವಿತೆಗಂತೂ ಇದು ಅನ್ಯಾಯ. ಸಣ್ಣ ಪರದೆಯಲ್ಲಿ ಸಾಲು ತಾನೇ ಮುರಿದು ಕೆಳಗಿಳಿಯುವುದರಿಂದ ಕವಿ ಮುರಿದದ್ದೆಲ್ಲಿ, ಫೋನು ಮುರಿದದ್ದೆಲ್ಲಿ ಎಂದು ತಿಳಿಯುವುದೇ ಇಲ್ಲ. ‘ಲಯ ತಪ್ಪಿದೆ’ ಎಂಬ ಟೀಕೆ ಎಷ್ಟೋ ಸಲ ಸಲ್ಲಬೇಕಾದದ್ದು ಫೋನಿಗೆ.

ಇದಕ್ಕಿಂತ ದೊಡ್ಡ ತೊಂದರೆ ಮಾತಿನ ಧಾಟಿಯದು. ಎದುರು ಕೂತು ‘ಈ ಮಧ್ಯದ ಭಾಗ ಸ್ವಲ್ಪ ಎಳೀತಲ್ಲ’ ಎಂದರೆ ಮುಖ ನೋಡಿ ಮೆತ್ತಗಾಗುತ್ತದೆ, ಎಲೆಅಡಿಕೆಯ ಕವಳದ ತಟ್ಟೆ ಬರುವ ಹೊತ್ತಿಗೆ ಮರೆತೂ ಹೋಗುತ್ತದೆ. ಅದನ್ನೇ ‘ಮಧ್ಯ ಎಳೆದಿದೆ’ ಎಂದು ಟೈಪಿಸಿದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ಉಳಿದವರು ನೋಡಿದ್ದಾರೆ ಎಂಬ ನೀಲಿ ಗೀಟು ಬೇರೆ. ಹೀಗಾಗಿ ಜಾಣರು ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಕಳಿಸಿದ ಸಂದೇಶ ತಿದ್ದಲು ಸಿಗುವುದು 15 ನಿಮಿಷ. ಕರಡಿಗೆ ಅದು ಸಾಲದು, ಸಿಟ್ಟಿಗೂ ಸಾಲದು. ಇನ್ನೊಂದು ಎಚ್ಚರಿಕೆ: ಗ್ರೂಪಿಗೆ ಹಾಕಿದ ಕವಿತೆ ಫಾರ್ವರ್ಡ್ ಆಗುತ್ತ ಆಗುತ್ತ ಬರೆದವರ ಹೆಸರು ಉದುರಿಸಿಕೊಂಡು ನಿಮಗೇ ವಾಪಸ್ ಬರಬಹುದು. ಕಥಾಸ್ಪರ್ಧೆಗೆ ಕಳಿಸುವ ಯೋಚನೆಯಿದ್ದರೆ ಅದರ ನಿಯಮದಲ್ಲಿ ‘ಎಲ್ಲಿಯೂ ಪ್ರಕಟವಾಗಿರಬಾರದು’ ಎಂಬುದರ ವ್ಯಾಪ್ತಿ ನೋಡಿಕೊಂಡೇ ಗ್ರೂಪಿಗೆ ಹಾಕಿ. ಹಲವು ಕಡೆ ಸೋಶಿಯಲ್ ಮೀಡಿಯಾವನ್ನೂ ಪ್ರಕಟಣೆ ಎಂದೇ ಲೆಕ್ಕ ಹಿಡಿಯುತ್ತಾರೆ.

ಫೋನಿನಲ್ಲೇ ಓದಿಸಬೇಕಾದ ಅನಿವಾರ್ಯವಿದ್ದರೆ ಪಿಡಿಎಫ್ ಮಾಡಿ, ಆದರೆ ಎ4 ಬೇಡ. ಪುಟದ ಅಳತೆ ಎ5, ಅಕ್ಷರ 14 ಪಾಯಿಂಟ್, ಅಂಚು ಒಂದು ಸೆಂಟಿಮೀಟರ್. ಬೆರಳಲ್ಲಿ ಹಿಗ್ಗಿಸದೆ ಓದಲು ಬರುತ್ತದೆ, ಕವಿತೆಯ ಸಾಲೂ ಬರೆದ ಹಾಗೇ ಉಳಿಯುತ್ತದೆ.

ಜೆರಾಕ್ಸ್‌ಗೆ 5ಕ್ಕೆ ನಾಲ್ಕೂವರೆ ಕೊಡಬಹುದು. ಲೆಕ್ಕ ಹೀಗೆ. ಎ4 ಹಾಳೆಯಲ್ಲಿ 12 ಪಾಯಿಂಟ್, ಒಂದೂವರೆ ಸಾಲಿನ ಅಂತರ, ಬಲಕ್ಕೆ ಎರಡು ಇಂಚು ಖಾಲಿ ಬಿಟ್ಟರೆ ಪುಟಕ್ಕೆ ಸುಮಾರು 250 ಪದ. 1000 ಪದದ ಕತೆ 4 ಪುಟ, ಎರಡೂ ಬದಿ ಮುದ್ರಿಸಿದರೆ ಎರಡೇ ಹಾಳೆ. ಹತ್ತು ಪ್ರತಿಗೆ 40 ಬದಿ. ಬದಿಗೆ 2 ರೂಪಾಯಿ ಎಂದು ಹಿಡಿದರೆ 80 ರೂಪಾಯಿ. ಎರಡು ಕತೆ, ಒಂದು ಪುಟದ ಒಂದು ಕವಿತೆ ಸೇರಿ 180. ತಲೆಗೆ 18 ರೂಪಾಯಿ, ಚಾ ಬೇರೆ. ಈ ಹಣವನ್ನು ಬರೆದವರ ತಲೆಗೆ ಕಟ್ಟಬೇಡಿ. ಕಾಲೇಜು ಹುಡುಗರು 80 ರೂಪಾಯಿಗೆ ಹಿಂದೆಗೆದು, ಕತೆ ಇನ್ನೂ ಆಗಿಲ್ಲ ಎಂದು ಸುಳ್ಳು ಹೇಳುತ್ತಾರೆ.

ಅಂಗಡಿಗೆ ಕಳಿಸುವಾಗ ವರ್ಡ್ ಕಡತ ಕಳಿಸಿ ಕೈಸುಟ್ಟುಕೊಳ್ಳುವವರೇ ಹೆಚ್ಚು. ಅಲ್ಲಿಯ ಕಂಪ್ಯೂಟರಿನಲ್ಲಿ ನಿಮ್ಮ ಫಾಂಟ್ ಇಲ್ಲದಿದ್ದರೆ ಬೇರೆಯದು ಬಂದು ಕೂತು, ನಾಲ್ಕು ಪುಟ ಐದಾಗುತ್ತದೆ. ಹಳೆಯ ತಂತ್ರಾಂಶವಾದರೆ ಒತ್ತಕ್ಷರಗಳೂ ಬಿಡಿಬಿಡಿಯಾಗುತ್ತವೆ. ಪಿಡಿಎಫ್ ಫಾಂಟನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಹೋಗುವುದರಿಂದ ಆ ಕಾಟ ಇಲ್ಲ. ಕಳಿಸುವ ಮೊದಲು ಸಾಲಿಗೆ ಸಂಖ್ಯೆ ಹಾಕಿ; ವರ್ಡ್‌ನಲ್ಲಿ ಲೇಔಟ್ ಮೆನುವಿನಲ್ಲೇ ಆ ಸೌಲಭ್ಯವಿದೆ. ‘ಎರಡನೇ ಪುಟದಲ್ಲಿ, ಆ ಅಜ್ಜಿ ಬರ್ತಾಳಲ್ಲ, ಅದರ ಕೆಳಗೆ’ ಎಂದು ಹತ್ತು ಜನ ಹುಡುಕುವ ಬದಲು ‘47ನೇ ಸಾಲು’ ಎಂದರೆ ಮುಗಿಯಿತು.

‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳ ಗೋಳು ಬೇರೆಯೇ. ಡಿಟಿಪಿ ಅಂಗಡಿಯಲ್ಲಿ ವರ್ಷಗಳ ಹಿಂದೆ ಟೈಪ್ ಮಾಡಿಸಿದ ಕತೆಯನ್ನು ಫೋನಿನಲ್ಲಿ ತೆರೆದರೆ ತಲೆ ಮೇಲೆ ಚುಕ್ಕಿ, ಗೀಟು ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಕಡತ ಹಾಳಾಗಿಲ್ಲ. ಆ ಕಾಲದ ಫಾಂಟುಗಳು ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಖಾನೆಯಲ್ಲಿ ಕೂರಿಸಿದ್ದವು. ಆ ಫಾಂಟ್ ಇಲ್ಲದ ಕಡೆ ಖಾನೆ ಮಾತ್ರ ಕಾಣುತ್ತದೆ. ಯಾವ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಎರಡು ಕಡೆ ಕಣ್ಣಾಡಿಸಿ: ಅರ್ಕಾವತ್ತು ಜಾಗ ತಪ್ಪಿದೆಯೇ, ನಡುವೆ ಇದ್ದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿವೆಯೇ. ಹೊಸದಾಗಿ ಟೈಪ್ ಮಾಡಿಸುವವರು ‘ಯೂನಿಕೋಡ್‌ನಲ್ಲೇ ಕೊಡಿ’ ಎಂದು ಮುಂಗಡ ಕೊಡುವಾಗಲೇ ಹೇಳಿ.

ಕಾಗದದ ನಿಜವಾದ ಲಾಭ ತಿಳಿಯುವುದು ಓದುವಾಗ. ಬರೆದವರು ತಮ್ಮ ಕತೆ ತಾವು ಓದಬಾರದು. ಬೇರೆಯವರು ಗಟ್ಟಿಯಾಗಿ ಓದಬೇಕು. ಬರೆದವರು ಓದಿದರೆ ಬಿಟ್ಟುಹೋದ ಪದವನ್ನೂ ಬಾಯಿ ತುಂಬಿಕೊಂಡು ಓದಿಬಿಡುತ್ತಾರೆ. ಬೇರೆಯವರ ನಾಲಿಗೆ ಎಲ್ಲಿ ತೊಡರಿತೋ ಅಲ್ಲಿ ವಾಕ್ಯ ಸರಿಯಿಲ್ಲ ಎಂದು ಯಾರೂ ಹೇಳದೆಯೇ ಗೊತ್ತಾಗುತ್ತದೆ, ಯಾರ ಮೇಲೂ ಬೇಸರವಿಲ್ಲ. ಹವ್ಯಕದಲ್ಲೋ ಕೊಂಕಣಿ ಬೆರೆತೋ ಬರೆದದ್ದಾದರೆ ಆ ಮಾತು ಬಲ್ಲವರಿಗೇ ಕೊಡಿ. ‘ಬಪ್ಪಲೆ’, ‘ಹೋಪಲೆ’ಯನ್ನು ಪಠ್ಯಪುಸ್ತಕದ ಹಾಗೆ ಓದಿದರೆ ಕತೆ ಅಲ್ಲೇ ಸಾಯುತ್ತದೆ. ನಿಮಿಷಕ್ಕೆ ಸುಮಾರು 100 ಪದದಂತೆ 1000 ಪದಕ್ಕೆ 10 ನಿಮಿಷ. ಆಮೇಲೆ 5 ನಿಮಿಷ ಎಲ್ಲರೂ ಸುಮ್ಮನೆ ಪೆನ್ಸಿಲ್ ಹಿಡಿದು ಮತ್ತೊಮ್ಮೆ ಓದುವುದು. ಮಾತಿಗೆ 20 ನಿಮಿಷ. ಒಟ್ಟು 35. ಮೂರು ಬರಹಕ್ಕೆ 105 ನಿಮಿಷ, ಚಾಕ್ಕೆ 15, ಎರಡು ಗಂಟೆಗೆ ಸರಿಯಾಗುತ್ತದೆ. ಕವಿತೆಯ ಓದು ಬೇಗ ಮುಗಿಯುವುದರಿಂದ ಅದನ್ನು ಇಬ್ಬರಿಂದ ಎರಡು ಸಲ ಓದಿಸಿ. ಹತ್ತು ಜನರಿಗೆ 20 ನಿಮಿಷ ಎಂದರೆ ತಲಾ ಎರಡೇ ನಿಮಿಷ. ಹನ್ನೆರಡಕ್ಕಿಂತ ಹೆಚ್ಚು ಜನರಾದರೆ ಎರಡು ಗುಂಪು ಮಾಡುವುದೇ ಒಳ್ಳೆಯದು.

ಎರಡು ನಿಮಿಷದ ಲೆಕ್ಕವನ್ನು ಫೋನಿನ ಟೈಮರ್ ಇಟ್ಟೇ ಕಾಯಬೇಕು. ನಮ್ಮ ಸೀಮೆಯಲ್ಲಿ ತಾಳಮದ್ದಳೆ ಕೇಳಿ ಬೆಳೆದವರೇ ಬಹಳ. ಒಬ್ಬರು ಅರ್ಥ ಹೇಳಲು ಶುರುಮಾಡಿದರೆ ಇನ್ನೊಬ್ಬರು ಎದುರು ಅರ್ಥಧಾರಿಯಾಗಿ ಕೂರುತ್ತಾರೆ, ಕತೆ ಬರೆದವರು ಭಾಗವತರಂತೆ ಮುಂದಿನ ಪದ್ಯಕ್ಕೆ ಕಾಯುತ್ತಿರಬೇಕು. ಕೇಳಲು ಚಂದವೇ, ಕರಡಿಗೆ ಉಪಯೋಗವಿಲ್ಲ. ಇದಕ್ಕೆ ಮದ್ದು, ಪ್ರತಿಯ ಕೊನೆಗೆ ಮೂರು ಪ್ರಶ್ನೆ ಮುದ್ರಿಸುವುದು: ಯಾವ ಸಾಲಿನಲ್ಲಿ ಮನಸ್ಸು ನಿಂತಿತು? ಯಾವ ಸಾಲಿನಲ್ಲಿ ದಾರಿ ತಪ್ಪಿತು? ಇನ್ನೂ ಏನು ತಿಳಿಯಬೇಕಿತ್ತು? ಉತ್ತರದಲ್ಲಿ ಸಾಲಿನ ಸಂಖ್ಯೆ ಇರಲೇಬೇಕು. ‘ಚೆನ್ನಾಗಿದೆ’ ಎಂಬುದಕ್ಕೂ ಸಂಖ್ಯೆ ಕೇಳಿ. 20 ನಿಮಿಷ ಮುಗಿಯುವವರೆಗೆ ಬರೆದವರು ಬಾಯಿ ಬಿಡಬಾರದು. ಅವರು ವಿವರಣೆಗೆ ಇಳಿದರೆ ಉಳಿದವರು ಕಾಗದ ಬಿಟ್ಟು ಅವರ ಮುಖ ನೋಡಿ ತಲೆಯಾಡಿಸುತ್ತಾರೆ, ತಪ್ಪು ಕಾಗದದಲ್ಲೇ ಉಳಿಯುತ್ತದೆ.

ಗೂಗಲ್ ಡಾಕ್ಸ್‌ಗೆ ಮೂರೂವರೆ. ಎರಡನೇ ಕರಡಿಗೆ ಇದಕ್ಕೆ ಸಾಟಿಯಿಲ್ಲ, ಮೊದಲ ಕರಡಿಗೆ ಇದರಷ್ಟು ಕ್ರೂರಿ ಇನ್ನೊಂದಿಲ್ಲ. ಅದರ ‘ಸಜೆಸ್ಟಿಂಗ್’ ಎಂಬ ಸಲಹೆ ಕೊಡುವ ವಿಧಾನದಲ್ಲಿ ಒಬ್ಬರು ಕಾಗುಣಿತ ತಿದ್ದಲು ಕೂತರೆ ಮೂರು ಪುಟದಲ್ಲಿ ನೂರು ಕಡೆ ಬಣ್ಣ ಬಳಿಯುತ್ತದೆ. ಬೆಳಿಗ್ಗೆ ಅದನ್ನು ತೆರೆದ ಹೊಸಬರಿಗೆ ಕತೆ ಹೇಗಿದೆ ಎಂಬುದರ ಸುಳಿವೂ ಸಿಗುವುದಿಲ್ಲ, ಬರೆಯುವ ಆಸೆ ಮಾತ್ರ ಇಂಗುತ್ತದೆ. ಹಾಗಾಗಿ ತಲಾ ಐದೇ ಟಿಪ್ಪಣಿ ಎಂದು ಕಟ್ಟುಮಾಡಿ, ಕಾಗುಣಿತವನ್ನು ಒಬ್ಬರಿಗೇ ವಹಿಸಿ, ಅದೂ ಕೊನೆಗೆ. ಲಿಂಕ್ ಕೊಡುವಾಗ ‘ಕಮೆಂಟರ್’ ಆಯ್ಕೆ ಮಾತ್ರ. ‘ಎಡಿಟರ್’ ಕೊಟ್ಟರೆ ಬಸ್ಸಿನಲ್ಲಿ ಓದುತ್ತಿದ್ದವರ ಹೆಬ್ಬೆರಳು ತಾಗಿ ಒಂದು ಪ್ಯಾರಾ ಹೋದದ್ದೂ ತಿಳಿಯುವುದಿಲ್ಲ. ಹೋದರೆ ಕಂಪ್ಯೂಟರಿನಲ್ಲಿ ಫೈಲ್ ಮೆನುವಿನ ವರ್ಷನ್ ಹಿಸ್ಟರಿಯಿಂದ ಹಿಂದಿನ ರೂಪ ತರಬಹುದು.

ಘಟ್ಟದ ಒಳಗಿನ ಹಳ್ಳಿಗಳಲ್ಲಿ ನೆಟ್‌ವರ್ಕ್ ಗುಡ್ಡ ಹತ್ತಿದರೆ ಉಂಟು, ಇಳಿದರೆ ಇಲ್ಲ. ಪೇಟೆಯಲ್ಲಿರುವಾಗಲೇ ಡಾಕ್ಸ್ ಆ್ಯಪ್‌ನಲ್ಲಿ ಆ ಕಡತವನ್ನು ಆಫ್‌ಲೈನ್‌ಗೆ ಇಟ್ಟುಕೊಂಡರೆ ಮನೆಯಲ್ಲಿ ಓದಬಹುದು. ಗೂಗಲ್‌ನಲ್ಲಿ ಪುಕ್ಕಟೆ ಸಿಗುವ 15 ಜಿಬಿ ಜಾಗ ಜೀಮೇಲ್ ಮತ್ತು ಫೋಟೋಗಳಿಗೂ ಸೇರಿ ಇರುವುದು. ಮದುವೆಯ ವಿಡಿಯೋಗಳಿಂದ ಅದು ತುಂಬಿದ್ದರೆ ಹೊಸ ಕಡತ ಮಾಡಲೂ ಬಿಡುವುದಿಲ್ಲ. ಕಂಪ್ಯೂಟರಿನ ಕ್ರೋಮ್‌ನಲ್ಲಿ ಡಾಕ್ಸ್ ತೆರೆದರೆ ಕನ್ನಡದ ಧ್ವನಿ ಟೈಪಿಂಗ್ ಇದೆ, ಟೈಪ್ ಬಾರದ ಹಿರಿಯರಿಗೆ ವರವೇ. ಆಡುನುಡಿಗೆ ಮಾತ್ರ ಅದರ ಕಿವಿ ಮಂದ. ಸಂಭಾಷಣೆಯನ್ನು ಕೈಯಲ್ಲೇ ಕೂರಿಸಬೇಕು.

ಜೆರಾಕ್ಸ್‌ಗೆ ಪೂರ್ತಿ ಅಂಕ ಕೊಡದೆ ಅರ್ಧ ಕಡಿದದ್ದು ಇಲ್ಲಿಯ ಮಳೆಗಾಲದ ಲೆಕ್ಕದಲ್ಲಿ. ಹಾಳೆ ಗಾಳಿಯ ತೇವ ಕುಡಿದು ಒಂದಕ್ಕೊಂದು ಅಂಟಿ ಯಂತ್ರದಲ್ಲಿ ಎರಡೆರಡು ಒಟ್ಟಿಗೆ ಹೋಗುತ್ತವೆ, ಇಲ್ಲವೇ ಸುರುಳಿ ಸುತ್ತಿ ಸಿಕ್ಕಿಕೊಳ್ಳುತ್ತವೆ. ಮನೆಯಲ್ಲೇ ಪ್ರಿಂಟರ್ ಇದ್ದವರು ರೀಮನ್ನು ಒಡೆದ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಿ, ಹಾಕುವ ಮೊದಲು ಅಂಚು ಹಿಡಿದು ಒಮ್ಮೆ ಕೊಡವಿ. ಇಂಕ್‌ಜೆಟ್ ಪ್ರತಿ ಛತ್ರಿಯ ನೀರು ತಾಗಿದರೆ ಹರಡುತ್ತದೆ. ಲೇಸರ್, ಜೆರಾಕ್ಸ್‌ನ ಟೋನರ್ ನಿಲ್ಲುತ್ತದೆ. ಅಂಚಿನಲ್ಲಿ ಬರೆಯಲು ಜೆಲ್ ಪೆನ್ನಿಗಿಂತ ಪೆನ್ಸಿಲ್ ಲೇಸು. ಏಳುವ ಮೊದಲು ಹತ್ತೂ ಪ್ರತಿ ಎಣಿಸಿ, ಓದಿದವರ ಹೆಸರು ಬರೆಸಿ, ಬರೆದವರ ಕೈಗೆ ಕೊಡಿ. ಒಂಬತ್ತೇ ಸಿಕ್ಕಿದರೆ ಚಾದ ಲೋಟಗಳ ಕೆಳಗೆ ನೋಡಿ.