ಒಂದೇ ಕಂಪನಿಯ ಲ್ಯಾಬೋ, ಹತ್ತು ಜನ ಸೇರಿ ಕಟ್ಟಿದ್ದೋ?

ಕೈಗಾರಿಕೆಯವರ ದುಡ್ಡಿನಲ್ಲಿ ಕಾಲೇಜಿನೊಳಗೆ ಸಂಶೋಧನೆ ನಡೆಸಲು ಎರಡು ದಾರಿಗಳಿವೆ. ಬೆಳಗಾವಿಯಲ್ಲಿ ಮೆಕ್ಯಾನಿಕಲ್ ಪಾಠ ಮಾಡುವ ನಾನು ಎರಡರಲ್ಲೂ ಕೆಲಸ ಮಾಡಿದ್ದೇನೆ.

ಮೊದಲನೆಯದು ದೊಡ್ಡ ಕಂಪನಿಯೊಂದು ಕೊಟ್ಟ ಲ್ಯಾಬ್. ಮೂರೇ ತಿಂಗಳಲ್ಲಿ ಯಂತ್ರ, ಎಸಿ, ಬೋರ್ಡು ಎಲ್ಲ ಬಂತು. ಈ ವೇಗಕ್ಕೆ ಸಾಟಿಯಿಲ್ಲ. ಆದರೆ ಒಪ್ಪಂದದಲ್ಲಿ ಸಂಶೋಧಕರ ಸಂಬಳಕ್ಕೆ ಒಂದು ರೂಪಾಯಿಯೂ ಇರಲಿಲ್ಲ. ಮೂರನೇ ವರ್ಷ ಸಾಫ್ಟ್‌ವೇರ್ ಲೈಸೆನ್ಸ್ ಮುಗಿಯಿತು. ಅಷ್ಟರಲ್ಲಿ ನಮ್ಮನ್ನು ಬಲ್ಲ ಅಧಿಕಾರಿಗೂ ವರ್ಗವಾಗಿತ್ತು. ಯಂತ್ರ ಈಗ ಸುಮ್ನೆ ನಿಂತಿದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಎರಡನೆಯದಕ್ಕೆ ಊರಿನ ಒಂಬತ್ತು ಸಣ್ಣ ಫೌಂಡ್ರಿಗಳು (ಕಬ್ಬಿಣ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಕಾರ್ಖಾನೆಗಳು) ವರ್ಷಾವರ್ಷ ವಂತಿಗೆ ಹಾಕುತ್ತವೆ. ಶುರುವಾಗಲು ಒಂದೂವರೆ ವರ್ಷ ಹಿಡಿಯಿತು. ಪಕ್ಕದ ಫೌಂಡ್ರಿಯವರಿಗೆ ನಮ್ಮ ಗುಟ್ಟು ಗೊತ್ತಾದರೆ ಅಂತ ಎಲ್ಲರಿಗೂ ಭಯ. ಕೊನೆಗೆ, ಮರಳಿನ ಪರೀಕ್ಷೆ ಎಲ್ಲರದು, ಪ್ಯಾಟರ್ನ್ (ಮರಳಲ್ಲಿ ಅಚ್ಚು ಮೂಡಿಸುವ ಮಾದರಿ) ಅವರವರದು ಅಂತ ಒಪ್ಪಿಕೊಂಡೆವು. ದುಡ್ಡಿನ ಬಹುಪಾಲು ಇಬ್ಬರು ಎಂ.ಟೆಕ್. ವಿದ್ಯಾರ್ಥಿಗಳ ಸ್ಟೈಪೆಂಡಿಗೆ ಹೋಗುತ್ತದೆ.

ಒಂದು ಬೆಳಿಗ್ಗೆ ಮಾಲೀಕರೊಬ್ಬರು ಗೋಣಿಚೀಲದಲ್ಲಿ ಪಂಪಿನ ಎರಕ ಹೊತ್ತು ತಂದರು. ಗರಗಸದಲ್ಲಿ ಸೀಳಿದರೆ ಒಳಗೆಲ್ಲ ನುಣುಪು ಗೋಡೆಯ ತೂತುಗಳು. ಬ್ಲೋ ಹೋಲ್! ನಮ್ಮ ವಿದ್ಯಾರ್ಥಿನಿ ಅವರ ಮರಳು ತರಿಸಿ ತೂಗಿದಳು, ಒಣಗಿಸಿ ಮತ್ತೆ ತೂಗಿದಳು. ತೇವ ಶೇ. 6ರ ಹತ್ತಿರ ಇತ್ತು. ಹಸಿ ಮರಳಿನ ಅಚ್ಚಿಗೆ ಸಾಮಾನ್ಯವಾಗಿ 3–4 ಸಾಕು. ಜಾಸ್ತಿಯಾದ ನೀರು ಆವಿಯಾಗಿ, ಹೊರಗೆ ಹೋಗಲು ದಾರಿ ಸಿಗದೆ, ಕರಗಿದ ಕಬ್ಬಿಣದೊಳಗೇ ಸಿಕ್ಕಿಕೊಳ್ಳುತ್ತದೆ. ನೀರು ಹಾಕುವ ಅಳತೆ ಬದಲಾಯಿತು, ರಿಜೆಕ್ಷನ್ ಇಳಿಯಿತು. ಅವಳ ಥೀಸಿಸ್ ವಿಷಯವೂ ಅದೇ ಆಯಿತು. ಇದಕ್ಕೇ ಅಲ್ವಾ ಸಂಶೋಧನೆ ಅನ್ನೋದು?

ಪೈಪೋಟಿಯವರು ಕೂಡಿ ಕಟ್ಟುವುದು ಹೊಸದೇನಲ್ಲ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಆಪಲ್‌ಟನ್ ಊರಿನ ಲಾರೆನ್ಸ್ ಕಾಲೇಜಿನ ಜೊತೆ ಸೇರಿ ಕಾಗದದ ಗಿರಣಿಗಳವರು 1929ರಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪೇಪರ್ ಕೆಮಿಸ್ಟ್ರಿ ಶುರು ಮಾಡಿದರು. ಅದು 1989ರಲ್ಲಿ ಅಟ್ಲಾಂಟಾಕ್ಕೆ ಹೋಗುವ ತನಕ, 60 ವರ್ಷ ಅದೇ ಊರಲ್ಲಿತ್ತು. ಕಾಗದದ ಉದ್ಯಮಕ್ಕೆ ಪಿಎಚ್.ಡಿ. ಮಾಡಿದವರನ್ನೂ ಕೊಟ್ಟಿತು.

ಒಂದೇ ಕಂಪನಿಯ ದಾರಿ ಎಲ್ಲೆಡೆ ಸೋಲುತ್ತದೆ ಅಂತಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 2011ರಲ್ಲಿ ಬಾಷ್ ಕಂಪನಿಯ ನೆರವಿನಿಂದ ರಾಬರ್ಟ್ ಬಾಷ್ ಕೇಂದ್ರ ಶುರುವಾಯಿತು. ಆದರೆ ಅಲ್ಲಿ ಮೊದಲೇ ಸಂಶೋಧಕರ ದೊಡ್ಡ ಪಡೆ ಇತ್ತು. ನಮ್ಮಂಥ ಕಾಲೇಜಿನಲ್ಲಿ ಇಲ್ಲದ್ದೇ ಅದು.

ನನ್ನ ಮತ ಎರಡನೆಯದಕ್ಕೆ. ಈ ವರ್ಷ ಇಬ್ಬರ ವಂತಿಗೆ ಇನ್ನೂ ಬಂದಿಲ್ಲ. ಶನಿವಾರ ಅವರ ಫೌಂಡ್ರಿಗಳಿರುವ ಉದ್ಯಮಬಾಗ್‌ಗೆ ಹೋಗಿ ಕೇಳಿಕೊಂಡು ಬರಬೇಕು.