ಆರ್ಚರ್ ಸಿ6 ಮತ್ತು ಓಪನ್‌ಡಬ್ಲ್ಯೂಆರ್‌ಟಿ: ಸಂಜೆಯ ಲ್ಯಾಗ್ ಹೋಯ್ತಾ?

ಹೋಯಿತು, ಮುಕ್ಕಾಲು ಪಾಲು. ಉಳಿದ ಕಾಲು ಪಾಲಿಗೆ ಯಾವ ರೌಟರ್ ತಂದರೂ ಮದ್ದಿಲ್ಲ. ಅದನ್ನು ಕೆಳಗೆ ಹೇಳುತ್ತೇನೆ. ಆರ್ಚರ್ ಸಿ6 ಅಂದರೆ ಟಿಪಿ-ಲಿಂಕ್ ಕಂಪನಿಯ ವೈಫೈ ರೌಟರ್. ಓಪನ್‌ಡಬ್ಲ್ಯೂಆರ್‌ಟಿ ಅಂದರೆ ರೌಟರ್‌ನ ಮೂಲ ಸಾಫ್ಟ್‌ವೇರ್ ಬದಲು ಹಾಕಿಕೊಳ್ಳುವ ಉಚಿತ ಸಾಫ್ಟ್‌ವೇರ್.

ಮನೆ ಕಾರವಾರದ ಕೋಡಿಬಾಗದಲ್ಲಿ. 50 ಎಂಬಿಪಿಎಸ್ ಫೈಬರ್. ನಾನು ಆಡುವ ಗೇಮ್ ವ್ಯಾಲರಂಟ್, ಮುಂಬೈ ಸರ್ವರ್‌ನಲ್ಲಿ. ತಂಗಿಯದು ಬಿಜಿಎಂಐ. ಬೆಳಿಗ್ಗೆ ಪಿಂಗ್ (ಸರ್ವರ್‌ಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡ್) 32ರ ಆಸುಪಾಸು ಇರುತ್ತಿತ್ತು. ಸಂಜೆ ಎಲ್ಲರೂ ಮನೆ ಸೇರಿದ ಮೇಲೆ ಕತೆಯೇ ಬೇರೆ. ಎದುರಿನವನು ಮೂಲೆ ತಿರುಗಿ, ಗುಂಡು ಹೊಡೆದು, ನಾನು ಸತ್ತ ಮೇಲೆ ನನಗೆ ಕಾಣಿಸುತ್ತಿದ್ದ. ಕನೆಕ್ಷನ್ ಕೊಟ್ಟವರಿಗೆ ಫೋನ್ ಮಾಡಿದರೆ ಯಾವಾಗಲೂ ಒಂದೇ ಉತ್ತರ: "100ರ ಪ್ಲಾನ್ ಹಾಕ್ಸಿ ಸರ್, ಸರಿ ಹೋಗ್ತದೆ."

ಸುಮ್ನೆ ದುಡ್ಡು ದಂಡ. ಇಂಥ ಗೇಮ್ ಆಡಲು ಸಾಮಾನ್ಯವಾಗಿ 1 ಎಂಬಿಪಿಎಸ್ ಕೂಡ ಬೇಡ. ತೊಂದರೆ ಇರುವುದು ಸ್ಪೀಡಿನಲ್ಲಲ್ಲ, ಸಾಲಿನಲ್ಲಿ.

ನಿಮ್ಮ ಮನೆಯಲ್ಲೂ ನೋಡಬಹುದು. ಕಮಾಂಡ್ ಪ್ರಾಂಪ್ಟ್ ತೆರೆದು 8.8.8.8ಕ್ಕೆ (ಗೂಗಲ್‌ನ ಸರ್ವರ್) ಪಿಂಗ್ ಹಚ್ಚಿ ಬಿಡಿ. ನಮ್ಮಲ್ಲಿ 28, 29, 28 ಅಂತ ಬರುತ್ತಿತ್ತು. ಅಷ್ಟರಲ್ಲಿ ತಂಗಿ ಟಾಗೋರ್ ಬೀಚಿನಿಂದ ಬಂದು ಒಳಗೆ ಕಾಲಿಟ್ಟರೆ ಸಾಕು, ಅವಳ ಫೋನು ವೈಫೈ ಹಿಡಿದು ಆ ದಿನದ ವಿಡಿಯೋಗಳನ್ನೆಲ್ಲ ತಾನಾಗಿಯೇ ಬ್ಯಾಕಪ್‌ಗೆ ಕಳಿಸಲು ಶುರು ಮಾಡುತ್ತಿತ್ತು. 28, 31, 140, 310, 345. ಅಪ್‌ಲೋಡ್ ಮುಗಿದ ಕೂಡಲೇ ಮತ್ತೆ 28. ಇದಕ್ಕೆ ಬಫರ್‌ಬ್ಲೋಟ್ ಅಂತಾರೆ. ಲೈನ್ ತುಂಬಿದಾಗ ದಾರಿಯಲ್ಲಿರುವ ಡಬ್ಬ ಪ್ಯಾಕೆಟ್‌ಗಳನ್ನು, ಅಂದರೆ ಡೇಟಾದ ಸಣ್ಣ ತುಂಡುಗಳನ್ನು, ತನ್ನ ಮೆಮೊರಿಯಲ್ಲಿ ಸಾಲಾಗಿ ಕೂರಿಸಿಕೊಳ್ಳುತ್ತದೆ. ಒಂದು ಬೆಂಕಿಪೊಟ್ಟಣ ಬೇಕಾದವನು ಕಿರಾಣಿ ಅಂಗಡಿಯಲ್ಲಿ ತಿಂಗಳ ಸಾಮಾನಿನ ಚೀಟಿ ಹಿಡಿದವರ ಹಿಂದೆ ನಿಂತ ಹಾಗೆ, ಗೇಮಿನ ಪುಟ್ಟ ಪ್ಯಾಕೆಟ್ ವಿಡಿಯೋದ ಹಿಂದೆ ಕಾಯುತ್ತದೆ.

ಇದಕ್ಕೆ ಮದ್ದು ಎಸ್‌ಕ್ಯೂಎಂ (ಸ್ಮಾರ್ಟ್ ಕ್ಯೂ ಮ್ಯಾನೇಜ್‌ಮೆಂಟ್), ಅಂದರೆ ಆ ಸಾಲನ್ನು ಜಾಣತನದಿಂದ ನಿಭಾಯಿಸುವ ವ್ಯವಸ್ಥೆ. ಆರ್ಚರ್ ಸಿ6ಗೆ ಓಪನ್‌ಡಬ್ಲ್ಯೂಆರ್‌ಟಿ ಹಾಕಿದ್ದು ಇದೊಂದಕ್ಕಾಗಿಯೇ. ಎಸ್‌ಕ್ಯೂಎಂ ಪ್ಯಾಕೇಜ್ ಇನ್‌ಸ್ಟಾಲ್ ಮಾಡಿ, ವ್ಯಾನ್ ಇಂಟರ್‌ಫೇಸ್ (ಇಂಟರ್ನೆಟ್ ಒಳಬರುವ ಕಡೆ) ಆರಿಸಿ, ಕ್ಯೂ ವಿಧಾನ 'ಕೇಕ್' ಅಂತ ಇಡಿ. ಕೇಕ್ 2018ರಲ್ಲೇ ಲಿನಕ್ಸ್ (ಓಪನ್‌ಡಬ್ಲ್ಯೂಆರ್‌ಟಿಯ ತಳಪಾಯ) ಕರ್ನಲ್ 4.19ಕ್ಕೆ ಸೇರಿದೆ, ಹೊಸ ಪ್ರಯೋಗವೇನಲ್ಲ. ಮುಖ್ಯವಾದದ್ದು ಸ್ಪೀಡಿನ ಅಂಕಿ. ಪ್ಲಾನಿನ ಅಂಕಿ ಹಾಕಬೇಡಿ, ಸಂಜೆ ಹೊತ್ತು ಕೇಬಲ್ ಹಾಕಿ ಅಳೆದಾಗ ಸಿಗುವುದರ ಶೇ. 90ರಷ್ಟು ಹಾಕಿ. ನಮಗೆ 46 ಸಿಗುತ್ತಿತ್ತು, ಎರಡೂ ಕಡೆ 42000 ಹಾಕಿದೆ. ಅಲ್ಲಿ ಲೆಕ್ಕ ಕಿಲೋಬಿಟ್‌ನಲ್ಲಿ, ಸೊನ್ನೆ ಮರೆತರೆ ಮನೆಮಂದಿಯೆಲ್ಲ ಬಯ್ಯುತ್ತಾರೆ. ಇಷ್ಟು ಬಿಟ್ಟುಕೊಟ್ಟರೆ ಸಾಲು ನಮ್ಮ ರೌಟರ್‌ನಲ್ಲೇ ನಿಲ್ಲುತ್ತದೆ, ಅದನ್ನು ಕೇಕ್ ನ್ಯಾಯವಾಗಿ ಹಂಚುತ್ತದೆ. ಫ್ಲೋ ಆಫ್‌ಲೋಡಿಂಗ್ (ರೌಟರ್‌ನ ಕೆಲಸ ಹಗುರ ಮಾಡುವ ಅಡ್ಡದಾರಿ) ಆಫ್ ಇರಲಿ, ಇಲ್ಲದಿದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಕೈಗೇ ಸಿಗದೆ ದಾಟಿಕೊಂಡು ಹೋಗುತ್ತವೆ.

ಈಗ ಅದೇ ವಿಡಿಯೋ ಹೋಗುತ್ತಿರುವಾಗಲೂ ಪಿಂಗ್ 35 ದಾಟುವುದು ಅಪರೂಪ. ನಾಲ್ಕು ಎಂಬಿಪಿಎಸ್ ಹೋದದ್ದು ಯಾರಿಗೂ ಗೊತ್ತೇ ಆಗಿಲ್ಲ. ಅಮ್ಮನ ಸೀರಿಯಲ್ ಒಂದು ಸಲವೂ ನಿಂತಿಲ್ಲ.

ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ಅದರಿಂದ ಪೇಜ್ ಬೇಗ ತೆರೆಯಬಹುದು, ಮ್ಯಾಚ್ ನಡುವಿನ ಪಿಂಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಪೋರ್ಟ್ ಫಾರ್ವರ್ಡಿಂಗ್ (ಹೊರಗಿನಿಂದ ಬರುವ ಸಂಪರ್ಕವನ್ನು ಮನೆಯ ಒಂದು ಕಂಪ್ಯೂಟರಿಗೆ ದಾಟಿಸುವುದು) ಕೂಡ ಅಷ್ಟೇ.

ವೈಫೈ ವಿಷಯದಲ್ಲಿ ಮಾತ್ರ ಈ ರೌಟರ್‌ಗೆ ಪೂರ್ತಿ ಅಂಕ ಕೊಡಲಾರೆ. ನಮ್ಮದು ಹಳೆಯ ಚಿರೆಕಲ್ಲಿನ ಮನೆ. 5 ಗಿಗಾಹರ್ಟ್ಸ್ ಸಿಗ್ನಲ್ ಒಂದು ಗೋಡೆ ದಾಟುವಷ್ಟರಲ್ಲಿ ಸುಸ್ತು, ಎರಡನೆಯದಕ್ಕೆ ಇಲ್ಲವೇ ಇಲ್ಲ. ಆದರೆ ಇಂಥ ಗೋಡೆಯ ಮುಂದೆ ಯಾವ ಕಂಪನಿಯ ಡಬ್ಬ ತಂದರೂ ಇದೇ ಗತಿ. ಹಂಚಿನ ಮಾಡಿನ ಕೆಳಗೆ ಜಂತಿಗುಂಟ ಕ್ಯಾಟ್6 ಕೇಬಲ್ ಎಳೆದು ಕಂಪ್ಯೂಟರ್‌ಗೆ ಕೊಟ್ಟೆ. ಸಮುದ್ರದ ಹವೆ ಅಂದಮೇಲೆ ಅಗ್ಗದ ಕನೆಕ್ಟರ್ ಬೇಡ. ಮಳೆಗಾಲ ಮುಗಿಯುವಷ್ಟರಲ್ಲಿ ಪಿನ್‌ಗಳು ಹಸಿರುಗಟ್ಟಿದ್ದವು, ಪ್ಯಾಕೆಟ್ ಲಾಸ್ ಶುರುವಾಗಿತ್ತು. ಚಿನ್ನದ ಲೇಪ ಇರುವುದನ್ನು ಹಾಕಿದ ಮೇಲೆ ಆ ತಕರಾರಿಲ್ಲ.

ಕರೆಂಟ್ ಹೋದರೆ ರೌಟರ್ ಮತ್ತೆ ಎದ್ದು ಲಾಗಿನ್ ಆಗುವಷ್ಟರಲ್ಲಿ ಮ್ಯಾಚ್ ಕೈಬಿಟ್ಟಿರುತ್ತದೆ. ಜೂನ್-ಜುಲೈನಲ್ಲಿ ಇದು ದಿನದ ಪಾಡು. 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟಿದ್ದೇನೆ. ಫೈಬರ್ ಡಬ್ಬಕ್ಕೂ ಅದರಿಂದಲೇ ಕೊಡಿ, ರೌಟರ್ ಒಂದೇ ಬದುಕಿದ್ದರೆ ಏನು ಬಂತು?

ಇನ್ನು ಆ ಕಾಲು ಪಾಲು. ಜೋರು ಮಳೆಯ ಸಂಜೆ ಕೆಲವೊಮ್ಮೆ ಲೈನೇ 25ಕ್ಕೆ ಇಳಿಯುತ್ತದೆ. ಆಗ 42000 ಅನ್ನುವ ಮಿತಿಗೆ ಅರ್ಥವಿಲ್ಲ, ಸಾಲು ಮತ್ತೆ ಕನೆಕ್ಷನ್ ಕೊಟ್ಟವರ ಕಡೆಗೇ ಹೋಗುತ್ತದೆ. ಅಂಥ ದಿನ ಕೈಯಾರೆ 20000ಕ್ಕೆ ಇಳಿಸುತ್ತೇನೆ. ಎರಡನೆಯದು ದಾರಿ. ಫೈಬರ್‌ನಲ್ಲಿ ಬೆಳಕು ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಓಡುತ್ತದೆ. ಕಾರವಾರದಿಂದ ಮುಂಬೈಗೆ ನೇರ ದಾರಿ ಇದ್ದಿದ್ದರೆ ಹೋಗಿ ಬರಲು 10 ಮಿಲಿಸೆಕೆಂಡ್ ಸಾಕಿತ್ತು. ಟ್ರೇಸ್‌ರೂಟ್ (ಪ್ಯಾಕೆಟ್ ಹೋಗುವ ದಾರಿ ತೋರಿಸುವ ಕಮಾಂಡ್) ಹಾಕಿದರೆ ನಮ್ಮ ಪ್ಯಾಕೆಟ್ ಮೊದಲು ಬೆಂಗಳೂರಿಗೆ ಹೋಗಿ, ಅಲ್ಲಿಂದ ಮುಂಬೈಗೆ ಹೋಗುವುದು ಕಾಣುತ್ತದೆ. ಗೋವಾ ಗಡಿ ಇಲ್ಲೇ ಪಕ್ಕದಲ್ಲಿದ್ದರೂ ಅತ್ತ ತಲೆ ಹಾಕುವುದಿಲ್ಲ ಮಾರಾಯ್ರೆ!

5ಕ್ಕೆ 4 ಕೊಡುತ್ತೇನೆ. ಕೊಳ್ಳುವವರು ಡಬ್ಬದ ಮೇಲಿನ ವರ್ಷನ್ ನೋಡಿ. ಆರ್ಚರ್ ಸಿ6 ಅನ್ನುವ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಬಂದಿವೆ, ಎಲ್ಲದಕ್ಕೂ ಓಪನ್‌ಡಬ್ಲ್ಯೂಆರ್‌ಟಿ ಕೂರುವುದಿಲ್ಲ. ನನ್ನದು ವಿ3. ಅಂಗಡಿಯವರು "ಎಲ್ಲ ಒಂದೇ" ಅಂದರೆ, ಡಬ್ಬ ತಿರುಗಿಸಿ ಸ್ಟಿಕರ್ ಓದಿಯೇ ದುಡ್ಡು ಕೊಡಿ.