ಗೋಳಗುಮ್ಮಟವೋ, ಬಾರಾ ಕಮಾನೋ? ಶೂಟಿಂಗ್‌ಗೆ ಯಾವ ಜಾಗ ಒಳ್ಳೇದು

ವಿಜಯಪುರದಲ್ಲಿ ಆಲ್ಬಮ್ ಹಾಡು ತೆಗೀಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಗೋಳಗುಮ್ಮಟದ ಹೆಸರು. ನಮ್ಮ ಚಿಕ್ಕ ತಂಡದಲ್ಲೂ ಹಾಗೇ ಆಯ್ತು. ಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನು, ಜೊತೆಗೆ ಬಾಗಲಕೋಟೆ ಜಿಲ್ಲೆಯ ಬಾದಾಮಿ, ನಾಲ್ಕೂ ಕಡೆ ಕ್ಯಾಮೆರಾ ಹಿಡಿದು ನೋಡಿದ್ದೇವೆ. ನನ್ನ ಓಟು ಬಾರಾ ಕಮಾನಿಗೆ. ಯಾಕೆ ಅಂತ ಹೇಳ್ತೀನಿ.

ಮೊದಲು ಗುಮ್ಮಟ. ಕಣ್ಣಿಗೆ ಅದಕ್ಕೆ ಸಾಟಿ ಇಲ್ಲ. ಕ್ಯಾಮೆರಾಕ್ಕೆ ಮಾತ್ರ ಕಷ್ಟ. ಸುಮಾರು 51 ಮೀಟರ್ ಎತ್ತರದ ಕಟ್ಟಡ ಪೂರ್ತಿ ಫ್ರೇಮಿಗೆ ಬರಲಿ ಅಂತ ಹಿಂದೆ ಸರಿದರೆ ಮುಂದಿರುವ ನಕ್ಕಾರಖಾನೆ, ಅಂದರೆ ಈಗಿನ ಮ್ಯೂಸಿಯಂ, ಅಡ್ಡ ಬರುತ್ತದೆ. ಹೀರೊ ಹೀರೋಯಿನ್ ಇರುವೆ ಸಾಲಿನಂತೆ ಕಾಣ್ತಾರೆ. ಒಳಗೆ ಹೋದರೆ ಇನ್ನೊಂದು ತಾಪತ್ರಯ. 1656ರ ಹೊತ್ತಿಗೆ ಕಟ್ಟಿದ ಆ ಹಾಲಿನಲ್ಲಿ ನಡುವೆ ಒಂದು ಕಂಬವೂ ಇಲ್ಲ, ಬೆಳಕೂ ಕಡಿಮೆ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ ಆಚೆ ಬದಿಯವರಿಗೆ ಕೇಳುತ್ತದಲ್ವಾ, ಆ ಗುಣವೇ ಶೂಟಿಂಗಿಗೆ ಶತ್ರು. “ಎಲ್ಲಿ ಹೋಗಿದ್ದಿ?” ಅಂತ ಒಂದು ಡೈಲಾಗ್ ಹೇಳಿಸಿ ನೋಡಿ. “ಹೋಗಿದ್ದಿ, ಹೋಗಿದ್ದಿ” ಅಂತ ಸುತ್ತಿ ಸುತ್ತಿ ಬರುತ್ತದೆ. ಕಾಲರ್ ಮೈಕ್ ಹಾಕಿದರೂ ಅಷ್ಟೇ. ಹಾಡಾದರೆ ಡಬ್ಬಿಂಗ್ ಇದೆಯಲ್ಲ ಅಂತೀರಾ? ಅಲ್ಲೂ ತೊಂದರೆ. ಮೊಬೈಲಿನಲ್ಲಿ ಹಾಡು ಹಚ್ಚಿದರೆ ತಾಳ ತಿರುಗಿ ಬಂದು ಇನ್ನೊಂದು ತಾಳದ ಮೇಲೆ ಬೀಳುತ್ತದೆ. ಕುಣಿಯುವವರು ಯಾವುದಕ್ಕೆ ಹೆಜ್ಜೆ ಹಾಕಬೇಕು? ಶಾಲೆ ಮಕ್ಕಳ ಟ್ರಿಪ್ ಬಂತೆಂದರೆ ಮುಗೀತು, ಅವರು ಬರುವುದೇ ಕೂಗಲಿಕ್ಕೆ.

ಇಬ್ರಾಹಿಂ ರೋಜಾ ಶಾಂತ ಜಾಗ. ಒಂದೇ ಕಟ್ಟೆಯ ಮೇಲೆ ಸಮಾಧಿ ಮತ್ತು ಮಸೀದಿ ಎದುರುಬದುರಾಗಿವೆ, ನಡುವೆ ಕಾರಂಜಿಯ ಕೊಳ. ಬೆಳಿಗ್ಗೆ ಮಸೀದಿಯ ಮುಖಕ್ಕೆ ಬಿಸಿಲು, ಸಂಜೆ ಸಮಾಧಿಯ ಮುಖಕ್ಕೆ. ಹೀಗಾಗಿ ಎರಡು ಹೊತ್ತೂ ಕೆಲಸ ಮಾಡಬಹುದು. ಕಲ್ಲಿನ ಜಾಲರಿಯ ಕ್ಲೋಸಪ್ಪಿಗೆ, ಮಾತಿನ ದೃಶ್ಯಕ್ಕೆ ಇದೇ ಸರಿ. ಕುಣಿತಕ್ಕೆ ಬೇಡ, ಜಾಗದ ಮರ್ಯಾದೆ ಅಂತ ಒಂದಿದೆ.

ಬಾರಾ ಕಮಾನಿನಲ್ಲಿ ಚಾವಣಿಯೇ ಇಲ್ಲ. 1672ರಲ್ಲಿ ತೀರಿಕೊಂಡ ಎರಡನೇ ಅಲಿ ಆದಿಲ್ ಶಾಹನ ಸಮಾಧಿ, ಅರ್ಧಕ್ಕೇ ನಿಂತ ಕಟ್ಟಡ. ನಮಗೆ ಆಗಿದ್ದು ಅದೇ ಅನುಕೂಲ! ಮೇಲಿನಿಂದ ಬೆಳಕು, ಕರಿ ಕಲ್ಲಿನ ಕಮಾನುಗಳ ಉದ್ದ ನೆರಳು. ಒಂದು ಕಮಾನಿನೊಳಗೆ ಇನ್ನೊಂದು ಕಾಣುವ ಹಾಗೆ ನಿಂತರೆ ಸೆಟ್ ಹಾಕಿದಂತೆ ಬರುತ್ತದೆ. ಮುಖ, ಕಮಾನು, ಆಕಾಶ ಮೂರೂ ಒಂದೇ ಫ್ರೇಮಿನಲ್ಲಿ. ಇಳಕಲ್ ಸೀರೆಯ ಕೆಂಪು ಸೆರಗು ಆ ಕಪ್ಪು ಕಲ್ಲಿನ ಮುಂದೆ ಹಾರಿದ್ದನ್ನು ಮಾನಿಟರಿನಲ್ಲಿ ನೋಡಿದಾಗ ನಮ್ಮ ಕ್ಯಾಮೆರಾದವ “ಕಲರ್ ಕರೆಕ್ಷನ್ನೇ ಬೇಡ ಬಿಡ್ರಿ” ಅಂದ. ಕಪ್ಪು ಅಂಗಿಯ ಹೀರೊ ಮಾತ್ರ ಕಲ್ಲಿನಲ್ಲಿ ಕರಗಿ ಹೋದ. ಊರ ನಡುವೆ ಇರುವುದರಿಂದ ಗಾಡಿ ಹಾರ್ನ್ ಜಾಸ್ತಿ. ಹಾಡಿಗೆ ಅದು ಲೆಕ್ಕಕ್ಕಿಲ್ಲ. ಬೇಸಿಗೆ ಮಧ್ಯಾಹ್ನ ಮಾತ್ರ ಹೋಗಬೇಡಿ, ಕಲ್ಲು ಕಾಲು ಸುಡುತ್ತದೆ.

ಬಾದಾಮಿ ದೊಡ್ಡ ಸಿನಿಮಾದವರ ಮೆಚ್ಚಿನ ಜಾಗ, ಸುಮ್ನೆ ಅಲ್ಲ. ಅಗಸ್ತ್ಯ ತೀರ್ಥ ಅನ್ನುವ ಕೆರೆಯ ಪೂರ್ವದ ದಂಡೆಯಲ್ಲಿ ಭೂತನಾಥ ಗುಡಿ. ಸಂಜೆ ಬಿಸಿಲು ನೇರ ಅದರ ಮೇಲೇ ಬೀಳುತ್ತದೆ, ನೀರಿನಲ್ಲಿ ಅದರ ಪ್ರತಿಬಿಂಬ ಇನ್ನೊಂದು ಗುಡಿಯಂತೆ ಕಾಣುತ್ತದೆ. ಕೆಂಪು ಬಂಡೆಯಿಂದ ಬರುವ ಬೆಳಕಿಗೆ ಮುಖವೂ ಸ್ವಲ್ಪ ಕೆಂಪಾಗುತ್ತದೆ, ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿಗೆ ತಕ್ಕಂತೆ ಕ್ಯಾಮೆರಾ ಬಣ್ಣ ಸರಿಮಾಡುವ ಸೆಟ್ಟಿಂಗ್, ಅದನ್ನು ಕೈಯಲ್ಲೇ ಸೆಟ್ ಮಾಡಿ. ಕಪ್ಪು ಕಲ್ಲಿನ ಮುಂದೆ ಮಿಂಚಿದ ಅದೇ ಸೆರಗು ಇಲ್ಲಿ ಬಂಡೆಯ ಬಣ್ಣದಲ್ಲಿ ಕಾಣೆಯಾಯ್ತು. ಹಸಿರು ಸೀರೆ ತರಿಸಿದ ಮೇಲೆ ಜೀವ ಬಂತು. ಗುಹೆಗಳ ಮೆಟ್ಟಿಲು ಹತ್ತಿ ಸಾಮಾನು ಸಾಗಿಸುವುದು, ತಿಂಡಿ ಚೀಲಕ್ಕೆ ಕೈ ಹಾಕುವ ಮಂಗಗಳು, ಊಟ, ರೂಮು, ಗಾಡಿ ಬಾಡಿಗೆ ಎಲ್ಲಾ ಸೇರಿದರೆ ನಮ್ಮಂಥವರಿಗೆ ಖರ್ಚು ಮೈಮೇಲೆ ಬರುತ್ತದೆ.

ನಾಲ್ಕೂ ಪುರಾತತ್ವ ಇಲಾಖೆಯ ಸ್ಮಾರಕಗಳು. ಕೈಯಲ್ಲಿ ಮೊಬೈಲ್ ಹಿಡಿದು ತಿರುಗುವುದು ಬೇರೆ, ಟ್ರೈಪಾಡ್ ನಿಲ್ಲಿಸಿ ಹಾಡು ತೆಗೆಯುವುದು ಬೇರೆ. ಅನುಮತಿಗೆ ಮೊದಲೇ ಅರ್ಜಿ ಹಾಕಿ, ಕಲಾವಿದರ ಡೇಟ್ ಆಮೇಲೆ ಕೇಳಿ. ಡ್ರೋನ್ ಹಾರಿಸುವ ಆಸೆ ಇದ್ದರೆ ಅದಕ್ಕೂ ಬೇರೆ ಪರವಾನಗಿ ಬೇಕು.